ವಾಹನ ವಿಮೆ : ಸದಸ್ಯರು ತಿಳಿದಿರಬೇಕಾದ ನಾಲ್ಕು ಮಾತು
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯರಿಗೆ ಉಪಯೋಗವಾಗುವ ಯಾವುದಾದರೂ ವಿಷಯ ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಮೇವಿನ ವಿಷಯ, ಕೆಚ್ಚಲು ಬಾವಿನ ವಿಷಯ ಪಶುವೈದ್ಯರು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಆದ್ದರಿಂದ ನಾವು ಕೈ ಸುಟ್ಟುಕೊಂಡು ಕಲಿತ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇವೆ. ಅದು ಕಾರು, ಬೈಕು, ಟ್ರ್ಯಾಕ್ಟರುಗಳ ಇನ್ಸೂರೆನ್ಸ್.

ಸಂಘ ಶುರುವಾದಾಗ ಈ ಊರಿನಲ್ಲಿ ಹಾಲಿನ ಕ್ಯಾನು ಸೈಕಲ್ಲಿನ ಮೇಲೆ ಬರುತ್ತಿತ್ತು. ಕಾರು ಬಂತೆಂದರೆ ಯಾರದೋ ಮನೆಗೆ ಹೆಣ್ಣು ನೋಡಲು ಬಂದಿದ್ದಾರೆ ಅಂತ ಮಕ್ಕಳು ಹಿಂದೆ ಓಡುತ್ತಿದ್ದರು. ಮೊನ್ನೆ ಬೆಳಿಗ್ಗೆ ಡೈರಿ ಮುಂದೆ ನಿಂತು ಸುಮ್ಮನೆ ಎಣಿಸಿದೆವು. ಒಂದು ಗಂಟೆಯೊಳಗೆ ಮೂವತ್ತೊಂದು ಬೈಕು, ಆರು ಕಾರು, ನಾಲ್ಕು ಟ್ರ್ಯಾಕ್ಟರು, ಎರಡು ಗೂಡ್ಸ್ ಆಟೋ ಹೋದವು. ಸಂತೋಷದ ವಿಷಯವೇ. ಆದರೆ ಇವುಗಳಲ್ಲಿ ಎಷ್ಟಕ್ಕೆ ಇನ್ಸೂರೆನ್ಸ್ ಚಾಲ್ತಿಯಲ್ಲಿದೆ, ಇದ್ದರೆ ಯಾವ ತರಹದ್ದು ಎಂದು ಕೇಳಿದರೆ ಉತ್ತರ ಕಷ್ಟ.

ಹಸುವಿನ ವಿಮೆ ಬಗ್ಗೆ ಕೇಳಿದರೆ ಇಲ್ಲಿರುವ ಎಲ್ಲರೂ ಪಟಪಟ ಹೇಳುತ್ತೀರಿ. ಕಿವಿ ಓಲೆ ಇರಬೇಕು, ಓಲೆ ಬಿದ್ದುಹೋದರೆ ತಕ್ಷಣ ತಿಳಿಸಬೇಕು, ಸತ್ತರೆ ಡಾಕ್ಟರ ಸರ್ಟಿಫಿಕೇಟು ಬೇಕು. ಓಲೆ ಇಲ್ಲ ಅಂದರೆ ಕ್ಲೇಮೂ ಇಲ್ಲ. ನಲವತ್ತು ಐವತ್ತು ಸಾವಿರದ ಹಸುವಿಗೆ ಇಷ್ಟು ತಿಳಿದುಕೊಂಡ ನಾವು, ಐದು ಲಕ್ಷದ ಕಾರಿನ ಪಾಲಿಸಿಯನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಗೂಡಿನಲ್ಲಿ ಇಟ್ಟುಬಿಡುತ್ತೇವೆ.

ನಾವೂ ಹಾಗೇ ಇಟ್ಟವರು. 2017ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಂದೆವು. ಮಾರಿದವರು "ಇನ್ಸೂರೆನ್ಸ್ ಫುಲ್ ಇದೆ, ಇನ್ನೂ ಎಂಟು ತಿಂಗಳು ಚಿಂತೆ ಇಲ್ಲ" ಅಂದರು. ಅದು ಮುಗಿದಾಗ ಅದೇ ತರಹದ್ದೇ ಇನ್ನೊಂದು ವರ್ಷಕ್ಕೆ ಮಾಡಿಸಿದೆವು. ಎರಡು ಸಾವಿರ ಚಿಲ್ಲರೆಗೆ ಮುಗಿಯಿತಲ್ಲ ಅಂತ ಖುಷಿಯೂ ಆಯಿತು. 2018ರ ಮಳೆಗಾಲದಲ್ಲಿ ಮನೆಯವರ ಜೊತೆ ನೆಂಟರ ಮನೆಯಿಂದ ಬರುವಾಗ ಕೆರೆ ಏರಿಯ ತಿರುವಿನಲ್ಲಿ ಕಾರು ಜಾರಿತು. ಸೈಕಲ್ಲಿನಲ್ಲಿ ಬರುತ್ತಿದ್ದ ಕೂಲಿ ಕೆಲಸದವರೊಬ್ಬರಿಗೆ ತಗುಲಿ, ಮೋರಿ ಕಟ್ಟೆಗೆ ಹೊಡೆಯಿತು. ಅವರ ಕಾಲು ಮುರಿಯಿತು. ನಮ್ಮ ಮನೆಯವರ ಭುಜದ ಮೂಳೆ ಮುರಿಯಿತು. ಕಾರಿನ ಮುಂಭಾಗ ಅಪ್ಪಚ್ಚಿ.

ಆಮೇಲೆ ಕಚೇರಿಯಲ್ಲಿ ಪಾಲಿಸಿ ಬಿಚ್ಚಿ ನೋಡಿದಾಗ ಅದರ ಮೇಲೆ ದಪ್ಪ ಅಕ್ಷರದಲ್ಲಿ "ಲಯಬಿಲಿಟಿ ಓನ್ಲಿ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎಸ್.ಎಸ್.ಎಲ್.ಸಿ. ಓದಿದ ನಮಗೆ ಆ ಎರಡು ಪದ ಓದಲು ಬರುತ್ತಿರಲಿಲ್ಲವೆಂದಲ್ಲ, ಓದಿರಲಿಲ್ಲ ಅಷ್ಟೇ. ಸೈಕಲ್ಲಿನವರಿಗೆ ನ್ಯಾಯಾಲಯದ ಮೂಲಕ ಕಂಪನಿ ಪರಿಹಾರ ಕೊಟ್ಟಿತು. ಅದೊಂದು ನೆಮ್ಮದಿ. ಆದರೆ ಕಾರಿನ ರಿಪೇರಿಗೆ ಎಪ್ಪತ್ತನಾಲ್ಕು ಸಾವಿರ ನಮ್ಮ ಜೇಬಿನಿಂದ ಹೋಯಿತು. ಮನೆಯವರ ಆಪರೇಷನ್ನಿನ ಖರ್ಚಿಗೂ ಆ ಪಾಲಿಸಿಯಿಂದ ಒಂದು ಪೈಸೆ ಬರಲಿಲ್ಲ. ಎರಡು ಕರೆಯುವ ಹಸು ಮಾರಿದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ, ವಿಮೆಯ ವಿಷಯ ನಾವು ತಿಳಿದುಕೊಂಡದ್ದು ಆ ಮೇಲೆ.

ಈಗ ವಿಷಯಕ್ಕೆ ಬರೋಣ. ವಾಹನ ವಿಮೆಯಲ್ಲಿ ಮುಖ್ಯವಾಗಿ ಮೂರು ತರಹ ಇದೆ.

ಮೊದಲನೆಯದು ಥರ್ಡ್ ಪಾರ್ಟಿ. ವಾಹನದ ಮಾಲೀಕರು ಒಬ್ಬರು, ವಿಮಾ ಕಂಪನಿ ಇನ್ನೊಬ್ಬರು, ನಮ್ಮ ವಾಹನದಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ಆ ಮೂರನೆಯವರ ಸಲುವಾಗಿ ಮಾಡಿಸುವುದೇ ಇದು. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಇದು ಕಡ್ಡಾಯ. ಇದಿಲ್ಲದೆ ವಾಹನ ರಸ್ತೆಗೆ ಇಳಿಸುವ ಹಾಗೇ ಇಲ್ಲ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲ ಸಿಕ್ಕಿಬಿದ್ದರೆ 2000 ರೂಪಾಯಿ, ಮತ್ತೆ ಸಿಕ್ಕರೆ 4000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಇದರ ದರವನ್ನು ಕಂಪನಿಗಳು ತಮಗೆ ಬೇಕಾದ ಹಾಗೆ ಹಾಕುವಂತಿಲ್ಲ, ಸರ್ಕಾರ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿ ಒಳಗಿನ ಸ್ವಂತ ಕಾರಿಗೆ ವರ್ಷಕ್ಕೆ 2094 ರೂಪಾಯಿ, ಅದಕ್ಕೂ ಮೇಲೆ 1500 ಸಿಸಿವರೆಗೆ 3416 ರೂಪಾಯಿ, 75ರಿಂದ 150 ಸಿಸಿ ಬೈಕಿಗೆ 714 ರೂಪಾಯಿ, ಮೇಲೆ ತೆರಿಗೆ. ಹೊರಗಿನವರಿಗೆ ಸಾವು ನೋವು ಆದರೆ ನ್ಯಾಯಾಲಯ ಹೇಳಿದಷ್ಟನ್ನು ಕಂಪನಿ ಕೊಡಬೇಕು, ಅದಕ್ಕೆ ಮಿತಿ ಇಲ್ಲ. ಅವರ ಆಸ್ತಿಗೆ ಆದ ನಷ್ಟಕ್ಕೆ ಮಾತ್ರ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ, ಬೈಕಿಗೆ ಒಂದು ಲಕ್ಷ ಮಿತಿ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಮ್ಮ ವಾಹನಕ್ಕೇ ಆದ ನಷ್ಟ. ಅಪಘಾತ, ಬೆಂಕಿ, ಸಿಡಿಲು, ಕಳವು, ಪ್ರವಾಹ, ಬಿರುಗಾಳಿ, ಭೂಕುಸಿತ, ಗಲಭೆ ಇವು ಇದರೊಳಗೆ ಬರುತ್ತವೆ. ತೆಂಗಿನ ಗರಿ ಬಿದ್ದು ಗಾಜು ಒಡೆದರೂ ಬರುತ್ತದೆ. ಹಳತಾಗಿ ಸವೆದದ್ದು, ಎಂಜಿನ್ ತಾನಾಗಿ ಕೆಟ್ಟದ್ದು, ಕುಡಿದು ಓಡಿಸಿದ್ದು ಇವು ಬರುವುದಿಲ್ಲ.

ಮೂರನೆಯದು ಇವೆರಡೂ ಸೇರಿದ ಪ್ಯಾಕೇಜ್ ಪಾಲಿಸಿ. ಇದನ್ನೇ ನಾವು ಆಡುಮಾತಿನಲ್ಲಿ ಫುಲ್ ಇನ್ಸೂರೆನ್ಸ್ ಅನ್ನುವುದು. ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಟ್ಟು ಕೇಳಿ. ಬರೀ ಥರ್ಡ್ ಪಾರ್ಟಿ ಇದ್ದರೆ, ಸ್ವಂತ ಕಾರಿನೊಳಗೆ ಕುಳಿತ ಹೆಂಡತಿ ಮಕ್ಕಳು, ಬೈಕಿನ ಹಿಂದೆ ಕುಳಿತವರು ಆ ಪಾಲಿಸಿಯಲ್ಲಿ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಪ್ಯಾಕೇಜ್ ಪಾಲಿಸಿಯಾದರೆ ಬಾಡಿಗೆ ಕೊಡದೆ ಕುಳಿತ ಅವರಿಗೂ ರಕ್ಷಣೆ ಇದೆ. ನಾವು "ಮೂರನೆಯವರು" ಅಂದ ತಕ್ಷಣ ನಮ್ಮನ್ನು ಬಿಟ್ಟು ಎಲ್ಲರೂ ಅಂದುಕೊಂಡಿದ್ದೆವು. ನಮ್ಮ ಮನೆಯವರ ವಿಷಯದಲ್ಲಿ ಪೆಟ್ಟು ಬಿದ್ದದ್ದು ಇಲ್ಲೇ.

ಇನ್ನು ಓಡಿಸುವ ಮಾಲೀಕನ ಕಥೆ. ಅವನಿಗಾಗಿ ವೈಯಕ್ತಿಕ ಅಪಘಾತ ವಿಮೆ ಅಂತ ಬೇರೆ ಇದೆ. 2018ರಿಂದ ಇದರ ಮೊತ್ತ 15 ಲಕ್ಷ. ಪಾಲಿಸಿ ಮಾಡಿಸುವಾಗ ಕೆಲವರು "ಇದು ಬೇಡ, ನಾನೂರು ಐನೂರು ಉಳಿಯುತ್ತೆ" ಅಂತ ತೆಗೆಸುತ್ತಾರೆ. ಉಳಿಸಬೇಡಿ. ಜೊತೆಗೆ ಇನ್ನೊಂದು ಮಾತು. ಇದು ಸಿಗುವುದು ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ, ಅದೂ ಅವರಿಗೆ ಲೈಸೆನ್ಸ್ ಇದ್ದರೆ. ನಮ್ಮೂರಲ್ಲಿ ಬಹಳ ಬೈಕುಗಳು ಅಪ್ಪನ ಹೆಸರಲ್ಲಿವೆ, ಓಡಿಸುವವನು ಮಗ. ಮಗನಿಗೆ ಹೆಚ್ಚುಕಡಿಮೆಯಾದರೆ ಆ 15 ಲಕ್ಷ ಬರುವುದಿಲ್ಲ. ಯಾರು ಓಡಿಸುತ್ತಾರೋ ಅವರ ಹೆಸರಿಗೆ ಗಾಡಿ ಮಾಡಿಸಿ. ಕಾರಿಗೆ ಡ್ರೈವರ್ ಇಟ್ಟುಕೊಂಡಿದ್ದರೆ ಅವರ ಹೆಸರಿನ ಬಾಬ್ತೂ ಅಲ್ಪ ಮೊತ್ತ ಕಟ್ಟಿ ಸೇರಿಸಬಹುದು.

ಈಗ ಹೇಳುವ ಸಂಗತಿ ನಮ್ಮ ಸಂಘದ ಸದಸ್ಯರೊಬ್ಬರ ಮನೆಯದು. ಹೆಸರು ಹೇಳದೆ ಹೇಳಿ, ನಾಲ್ಕು ಜನಕ್ಕೆ ಬುದ್ಧಿ ಬರಲಿ ಎಂದು ಅವರೇ ಅಂದಿದ್ದಾರೆ. ಡೈರಿಗೆ ಹಾಲು ತರುವ ಬೈಕು. ಪಾಲಿಸಿ ಮುಗಿದು ಹನ್ನೊಂದು ದಿನ ಆಗಿತ್ತು. ಸುಗ್ಗಿ ಕಾಲ, ರಾಗಿ ಒಕ್ಕಣೆ, ಮುಂದಿನ ವಾರ ಕಟ್ಟೋಣ ಅಂತ ಬಿಟ್ಟಿದ್ದರು. ಮುಸ್ಸಂಜೆಯಲ್ಲಿ ರಸ್ತೆ ದಾಟುತ್ತಿದ್ದ ಪಕ್ಕದೂರಿನ ವಯಸ್ಸಾದವರೊಬ್ಬರಿಗೆ ಬೈಕು ತಗುಲಿತು. ಮೂರನೇ ದಿನ ಅವರು ತೀರಿಕೊಂಡರು. ನ್ಯಾಯಾಲಯ ಪರಿಹಾರ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಕೊಡುವ ಕಂಪನಿ ಯಾವುದು? ಇಲ್ಲ. ಮಾಲೀಕರೇ ಕೊಡಬೇಕು. ಮೂವತ್ತು ಗುಂಟೆ ಹೊಲ ಹೋಯಿತು. ಅಜ್ಜನ ಕಾಲದ ಹೊಲ ಅದು, ಬೇಲಿ ಪಕ್ಕದ ಹುಣಸೆಮರವೂ ಹೋಯಿತು.

ಇಲ್ಲಿ ಇಬ್ಬರ ಕಡೆಯೂ ನೋಡಬೇಕು. ಪಕ್ಕದೂರಿನ ಆ ಮನೆಯವರು ದುಡ್ಡಿಗಾಗಿ ಎರಡು ವರ್ಷ ಅಲೆದರು. ಹೊಲ ಮಾರಿದ ಮೇಲೆಯೇ ಅವರಿಗೆ ಸಿಕ್ಕಿದ್ದು. ಪಾಲಿಸಿ ಇದ್ದಿದ್ದರೆ ಎರಡು ಮನೆಯೂ ಉಳಿಯುತ್ತಿತ್ತು. ಏಳುನೂರು ರೂಪಾಯಿ ಚಿಲ್ಲರೆ ಅಂದರೆ ಎಷ್ಟು ಸ್ವಾಮಿ? ಎರಡು ಹಸು ಇಟ್ಟವರ ಒಂದು ವಾರದ ಬಟವಾಡೆಯೂ ಅಲ್ಲ. ಥರ್ಡ್ ಪಾರ್ಟಿ ಅನ್ನುವುದು ಪೊಲೀಸರಿಗೆ ತೋರಿಸುವುದಕ್ಕೆ ಇರುವ ಕಾಗದ ಅಂತ ತಿಳಿಯಬೇಡಿ. ಅದು ನಮ್ಮ ಹೊಲದ ಬೇಲಿ.

ಟ್ರ್ಯಾಕ್ಟರಿನ ವಿಷಯ ಬಿಟ್ಟರೆ ಈ ಊರಿನಲ್ಲಿ ಮಾತು ಪೂರ್ತಿ ಆಗುವುದಿಲ್ಲ. ಟ್ರ್ಯಾಕ್ಟರಿಗೆ ಪಾಲಿಸಿ ಇದ್ದರೆ ಟ್ರೈಲರಿಗೂ ಆಯಿತು ಅಂದುಕೊಳ್ಳಬೇಡಿ. ಟ್ರೈಲರಿನ ನಂಬರೂ ಪಾಲಿಸಿಯಲ್ಲಿ ಬರೆದಿರಬೇಕು. ಟ್ರ್ಯಾಕ್ಟರಿನಲ್ಲಿ ಕೂರುವ ಜಾಗ ಒಬ್ಬರಿಗೆ ಮಾತ್ರ. ಮಡ್‌ಗಾರ್ಡ್ ಮೇಲೆ ಕೂತವರು ಬಿದ್ದರೆ ಕಂಪನಿ ಕೈ ಎತ್ತುತ್ತದೆ. ಟ್ರೈಲರಿನಲ್ಲಿ ಜನ ತುಂಬಿಕೊಂಡು ಜಾತ್ರೆಗೆ, ಮದುವೆಗೆ ಹೋಗುವುದಂತೂ ದೊಡ್ಡ ಅಪಾಯ. ಬೇಸಾಯಕ್ಕೆ ಅಂತ ಬರೆಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆದರೂ ತಕರಾರು ಬರುತ್ತದೆ. ಸ್ವಂತ ಕಾರೂ ಅಷ್ಟೇ. ಬಿಳಿ ಬೋರ್ಡಿನ ಕಾರನ್ನು ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆಗೆ ಬಿಟ್ಟು ಅಪಘಾತವಾದರೆ ಪ್ಯಾಕೇಜ್ ಪಾಲಿಸಿ ಇದ್ದೂ ಪ್ರಯೋಜನ ಕಾಣುವುದಿಲ್ಲ.

ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಏನಾಗುತ್ತದೆ? ನಮ್ಮ ಗಾಡಿಯ ರಿಪೇರಿ ಹಣ ಬರುವುದಿಲ್ಲ. ಹೊರಗಿನವರಿಗೆ ಕಂಪನಿ ಕೊಟ್ಟರೂ ಆ ಹಣವನ್ನು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಹೇಳುವುದು ವಾಡಿಕೆ. ಹದಿನೆಂಟು ತುಂಬದ ಹುಡುಗರಿಗೆ ಕೊಟ್ಟರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ. ಒಂದು ಒಳ್ಳೆಯ ಸುದ್ದಿಯೂ ಇದೆ. ಕಾರಿನ ಲೈಸೆನ್ಸ್ ಇರುವವರು 7500 ಕೆಜಿ ಒಳಗಿನ ಸಣ್ಣ ಸರಕು ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಹಾಲು, ತರಕಾರಿ ಸಾಗಿಸುವ ನಮ್ಮ ಹುಡುಗರಿಗೆ ಇದರಿಂದ ಒಂದು ಆತಂಕ ತಪ್ಪಿತು.

ಫುಲ್ ಇನ್ಸೂರೆನ್ಸ್ ಅಂದರೂ ಪೂರ್ತಿ ಹಣ ಬರುತ್ತದೆ ಅಂತ ಇಲ್ಲ. ಅದರ ಲೆಕ್ಕ ಹೀಗೆ. ಪಾಲಿಸಿಯಲ್ಲಿ ಐ.ಡಿ.ವಿ. ಅಂತ ಒಂದು ಮೊತ್ತ ಬರೆದಿರುತ್ತದೆ. ಅದು ಗಾಡಿಯ ಇವತ್ತಿನ ಬೆಲೆ. ಹೊಸ ಬೆಲೆಯಲ್ಲಿ ಆರು ತಿಂಗಳವರೆಗೆ ಶೇಕಡ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50 ಕಳೆಯುತ್ತಾರೆ. ಐದು ಲಕ್ಷದ ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೇ ವರ್ಷ ನಡೆಯುತ್ತಿದ್ದರೆ ಮೂರು ಲಕ್ಷ. ಕಾರು ಕಳವಾದರೆ ಸಿಗುವುದು ಹೆಚ್ಚೆಂದರೆ ಅಷ್ಟೇ. ರಿಪೇರಿ ಖರ್ಚು ಐ.ಡಿ.ವಿ.ಯ ಮುಕ್ಕಾಲು ಪಾಲು ದಾಟಿದರೆ ಗಾಡಿ ಪೂರ್ತಿ ಹೋಯಿತು ಎಂದು ಲೆಕ್ಕ ಹಾಕುತ್ತಾರೆ. ಪ್ರೀಮಿಯಂ ಕಡಿಮೆ ಮಾಡಿಕೊಡುತ್ತೇವೆ ಅಂತ ಈ ಮೊತ್ತ ಇಳಿಸಿ ಬರೆಯುವವರೂ ಉಂಟು. ಹಾಲಿನ ಡಿಗ್ರಿ ನೋಡುವ ಹಾಗೆ ಇದನ್ನೂ ನೋಡಿಕೊಳ್ಳಿ.

ರಿಪೇರಿಯಲ್ಲೂ ಕಡಿತ ಇದೆ. ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗೆ ಅರ್ಧ ಮಾತ್ರ. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಗಾಜಿಗೆ ಕಡಿತ ಇಲ್ಲ. ಎಂಟು ಸಾವಿರದ ಬಂಪರಿಗೆ ನಾಲ್ಕು ಸಾವಿರ ಬರುತ್ತದೆ. ಅದರ ಮೇಲೆ ಪ್ರತಿ ಕ್ಲೇಮಿಗೂ ಮೊದಲ ಒಂದಿಷ್ಟು ಮೊತ್ತ ನಮ್ಮದೇ. ಈ ಕಡಿತ ಬೇಡವೆಂದರೆ ಜೀರೋ ಡಿಪ್ರಿಸಿಯೇಷನ್ ಅಂತ ಹೆಚ್ಚಿನ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಹೊಸ ಕಾರಿಗೆ ಇದು ಒಳ್ಳೆಯದು. ಹಳ್ಳದ ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಮಾಮೂಲಿ ಪಾಲಿಸಿಯಲ್ಲಿ ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಇದೆ. ನೀರಿನಲ್ಲಿ ನಿಂತರೆ ಕೀ ತಿರುಗಿಸಬೇಡಿ, ತಳ್ಳಿಸಿ ಅಥವಾ ಎಳೆಸಿ.

ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇಕಡ 20 ಬೋನಸ್. ಮುಂದೆ 25, 35, 45, ಐದು ವರ್ಷಕ್ಕೆ 50. ಇದಕ್ಕೆ ನೋ ಕ್ಲೇಮ್ ಬೋನಸ್ ಅನ್ನುತ್ತಾರೆ. ಇದು ಗಾಡಿಗಲ್ಲ, ಮಾಲೀಕರಿಗೆ ಸೇರಿದ್ದು. ಗಾಡಿ ಮಾರಿ ಹೊಸದು ಕೊಂಡರೆ ಅದಕ್ಕೆ ತಂದುಕೊಳ್ಳಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಬೋನಸ್ ಹೋಯಿತು. ಎರಡು ಮೂರು ಸಾವಿರದ ಸಣ್ಣ ರಿಪೇರಿಗೆ ಕ್ಲೇಮ್ ಮಾಡುವ ಮುಂಚೆ ಹೋಗುವ ಬೋನಸ್ ಎಷ್ಟು ಅಂತ ಲೆಕ್ಕ ಹಾಕಿ.

ಹಳೆ ಗಾಡಿ ಕೊಂಡವರು ಆರ್.ಸಿ. ಮಾತ್ರವಲ್ಲ, ಪಾಲಿಸಿಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ವರ್ಗವಾದ ದಿನದಿಂದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ಬಂದರೂ ಓನ್ ಡ್ಯಾಮೇಜ್ ಬರುವುದಿಲ್ಲ. ಮಾರಿದವರಿಗೂ ಒಂದು ಮಾತು. ಆರ್.ಸಿ. ನಿಮ್ಮ ಹೆಸರಲ್ಲೇ ಇದ್ದರೆ ಯಾರೋ ಮಾಡಿದ ಅಪಘಾತಕ್ಕೆ ನೋಟಿಸು ನಿಮ್ಮ ಮನೆಗೆ ಬರುತ್ತದೆ.

ಅಪಘಾತ ಆಗದಿರಲಿ. ಆದರೆ ಏನು ಮಾಡಬೇಕು? ಮೊದಲು ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿ, ಓಡಿಹೋಗಬೇಡಿ. ಪೊಲೀಸರಿಗೂ ಕಂಪನಿಗೂ ತಕ್ಷಣ ತಿಳಿಸಿ. ಆಗುವುದಾದರೆ ಫೋಟೋ ತೆಗೆಯಿರಿ. ಸರ್ವೇಯರ್ ನೋಡುವ ಮೊದಲು ಗಾಡಿ ಬಿಚ್ಚಿಸಬೇಡಿ. ಕಳವಾದರೆ ಎಫ್.ಐ.ಆರ್. ಬೇಕು, ಪತ್ತೆಯಾಗಲಿಲ್ಲ ಎಂಬ ಪೊಲೀಸರ ಸಿ ರಿಪೋರ್ಟ್ ಬೇಕು, ಗಾಡಿಯ ಎರಡೂ ಕೀ ಕೇಳುತ್ತಾರೆ. ಪೆಟ್ಟು ತಿಂದವರ ಕಡೆ ನಾವಿದ್ದರೆ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂದು ಕಾಯಿದೆಯಲ್ಲಿ ಬರೆದಿದೆ. ತಿಥಿ ಮುಗಿಯಲಿ, ಹಬ್ಬ ಮುಗಿಯಲಿ ಅಂತ ದಿನ ತಳ್ಳಬೇಡಿ. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೂ ಕೈಚೆಲ್ಲಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಅಂಥ ಪ್ರಕರಣದಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆ. ಕಂದಾಯ ಇಲಾಖೆಯ ಅಧಿಕಾರಿಗಳಿಗೆ ಅರ್ಜಿ ಕೊಡಬೇಕು.

ಕಂಪನಿ ಅನ್ಯಾಯವಾಗಿ ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಕಡೆಯದಾಗಿ ಈ ಸಭೆಯ ಮುಂದೆ ನಮ್ಮದೊಂದು ಸಲಹೆ ಇದೆ. ಹಸುಗಳ ವಿಮೆಗೆ ಸಂಘದಲ್ಲಿ ಹೇಗೆ ಪುಸ್ತಕ ಇದೆಯೋ ಹಾಗೆ ಸದಸ್ಯರ ವಾಹನಗಳಿಗೂ ಒಂದು ಪುಸ್ತಕ ಇಡೋಣ. ಹೆಸರು, ಗಾಡಿ ನಂಬರು, ಪಾಲಿಸಿ ಯಾವ ತರಹದ್ದು, ಮುಗಿಯುವ ತಾರೀಖು, ಇಷ್ಟು ಬರೆದರೆ ಸಾಕು. ಪ್ರತಿ ತಿಂಗಳ ಒಂದನೇ ತಾರೀಖು ಆ ತಿಂಗಳು ಮುಗಿಯುವ ನಂಬರುಗಳನ್ನು ಹಾಲು ಅಳೆಯುವ ಕಟ್ಟೆಯ ಪಕ್ಕದ ಹಲಗೆಯ ಮೇಲೆ ಬರೆಯೋಣ. ಹಾಲು ಹಾಕಲು ಬಂದವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಖರ್ಚು ಒಂದು ಪುಸ್ತಕ, ಒಂದು ಸೀಮೆಸುಣ್ಣದ ಪೆಟ್ಟಿಗೆ. ಮೊದಲ ಆರು ತಿಂಗಳು ಬರೆಯುವ ಕೆಲಸ ನಾವೇ ಮಾಡುತ್ತೇವೆ. ಆ ಹೊಲ ಕಳೆದುಕೊಂಡ ಸದಸ್ಯರೂ ಜೊತೆಗೆ ಕೂರುತ್ತೇವೆ ಎಂದಿದ್ದಾರೆ.

ನಾಳೆ ಬೆಳಿಗ್ಗೆ ಹಾಲು ಹಾಕಿ ಮನೆಗೆ ಹೋದ ಮೇಲೆ ದೇವರ ಗೂಡಿನ ಆ ಪ್ಲಾಸ್ಟಿಕ್ ಕವರು ಇಳಿಸಿ. ನಿಮಗೆ ಓದಲು ಆಗದಿದ್ದರೆ ಹೈಸ್ಕೂಲಿನ ಮಕ್ಕಳ ಕೈಲಿ ಓದಿಸಿ. ಎರಡು ವಿಷಯ ನೋಡಿ ಸಾಕು: ಮೇಲೆ ಯಾವ ತರಹದ ಪಾಲಿಸಿ ಅಂತ ಇದೆ, ಕೆಳಗೆ ಯಾವ ತಾರೀಖು ಅಂತ ಇದೆ. ಅಷ್ಟು ಮಾಡಿದರೆ ಇಲ್ಲಿ ನಿಂತು ಇಷ್ಟು ಹೊತ್ತು ನಿಮ್ಮ ಊಟ ತಡ ಮಾಡಿದ್ದಕ್ಕೆ ಸಾರ್ಥಕ.

 

ಜೈ ಸಹಕಾರ.